ಹಳೆಯ ಫೋನೋ, ಹೊಸ ಫೋನೋ?



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕೂ ತಾಲ್ಲೂಕುಗಳಲ್ಲಿ ಈಗ ಫೋನು ಬರೀ ಮಾತನಾಡುವ ಯಂತ್ರವಾಗಿ ಉಳಿದಿಲ್ಲ. ಗೃಹಲಕ್ಷ್ಮಿಯ ಹಣ ಖಾತೆಗೆ ಜಮೆಯಾದ ಸುದ್ದಿ ಬರುವುದು ಅದರಲ್ಲಿ. ಗೋವಿನಜೋಳದ ಹೊಲದಲ್ಲಿ ನಿಂತು ಬೆಳೆ ಸಮೀಕ್ಷೆಯ ಫೋಟೊ ಕಳಿಸುವುದು ಅದರಿಂದ. ಬ್ಯಾಂಕಿನ ಒಟಿಪಿ, ಮಕ್ಕಳ ಪಾಠ, ಪೇಟೆಯ ಧಾರಣೆ ಎಲ್ಲವೂ ಅದರಲ್ಲೇ. ಹೀಗಿರುವಾಗ ಫೋನು ಕೈಕೊಟ್ಟರೆ ಮನೆಯ ವ್ಯವಹಾರವೇ ನಿಂತಂತೆ. ಆಗ ಮನೆಯಲ್ಲಿ ಒಂದು ಮಾತು ಏಳುತ್ತದೆ: ‘ಇದು ಹಳತಾಯಿತು, ಹೊಸದು ತರೋಣ. ಹಾಗೇ ಸಿಮ್ಮಿನ ಕಂಪನಿಯನ್ನೂ ಬದಲಿಸೋಣ.’

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಫೋನಿನ ವಿಷಯದಲ್ಲಿಯೂ ಮೊದಲು ಕೇಳಬೇಕಾದುದು ಅದನ್ನೇ. ‘ಫೋನು ಸರಿಯಿಲ್ಲ’ ಎಂಬ ಒಂದೇ ಮಾತಿನೊಳಗೆ ಮೂರು ಬೇರೆ ಬೇರೆ ಕಾಯಿಲೆಗಳು ಅಡಗಿರುತ್ತವೆ. ಒಂದು ಬ್ಯಾಟರಿಯದು, ಇನ್ನೊಂದು ಒಳಗಿನ ತಂತ್ರಾಂಶದ್ದು, ಮೂರನೆಯದು ಸಿಗ್ನಲ್ಲಿನದು. ಮೂರಕ್ಕೂ ಮದ್ದು ಬೇರೆ, ಖರ್ಚೂ ಬೇರೆ. ಹೊಸ ಫೋನು ಕೊಳ್ಳುವುದು ಕೊನೆಯ ಮದ್ದು.

ಮೊದಲು ಬ್ಯಾಟರಿ. ನಮ್ಮ ಫೋನುಗಳಲ್ಲಿ ಇರುವುದು ಲಿಥಿಯಂ ಅಯಾನ್ ಬ್ಯಾಟರಿ. ಚಾರ್ಜು ಮಾಡುವಾಗ ಲಿಥಿಯಂ ಅಯಾನುಗಳು ಒಂದು ಪದರದಿಂದ ಇನ್ನೊಂದಕ್ಕೆ ಸಾಗುತ್ತವೆ, ಬಳಸುವಾಗ ಮರಳುತ್ತವೆ. ಪ್ರತಿ ಸಲವೂ ಒಂದಿಷ್ಟು ಅಯಾನುಗಳು ಮರಳದೆ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಸುಮಾರು 500ರಿಂದ 800 ಪೂರ್ಣ ಚಾರ್ಜುಗಳಾಗುವಷ್ಟರಲ್ಲಿ ಬ್ಯಾಟರಿಯ ಶಕ್ತಿ ಶೇಕಡ 80ರ ಹತ್ತಿರಕ್ಕೆ ಇಳಿಯುತ್ತದೆ. ದಿನಕ್ಕೊಂದು ಚಾರ್ಜು ಎಂದುಕೊಂಡರೆ ಎರಡು ವರ್ಷದ ಮಾತು. ಶೇಕಡ 30 ತೋರಿಸುತ್ತಿದ್ದ ಫೋನು ಕ್ಯಾಮೆರಾ ತೆರೆದೊಡನೆ ಆರಿಹೋದರೆ ಅದು ಸವೆದ ಬ್ಯಾಟರಿಯ ಲಕ್ಷಣ. ಸವಣೂರಿನ ಎಲೆಬಳ್ಳಿಯ ತೋಟದವರು ಒಂದು ಎಲೆ ಕೊಳೆತರೆ ಕವಳಿಗೆಯನ್ನೇ ಎಸೆಯುವುದಿಲ್ಲ. ಕೊಳೆತದ್ದನ್ನು ತೆಗೆದು ಉಳಿದದ್ದನ್ನು ಕಾಪಾಡುತ್ತಾರೆ. ಬ್ಯಾಟರಿಯೊಂದನ್ನು ಬದಲಿಸಿದರೆ ಹೊಸ ಫೋನಿನ ಬೆಲೆಯ ಸಣ್ಣ ಪಾಲಿನಲ್ಲಿ ಇನ್ನೆರಡು ವರ್ಷ ಸಾಗಬಹುದು. ಆದರೆ ಕಂಪನಿಯ ಸೇವಾ ಕೇಂದ್ರದಲ್ಲಿ ಅಸಲಿ ಬ್ಯಾಟರಿಯನ್ನೇ ಹಾಕಿಸಿ. ಬ್ಯಾಟರಿ ಉಬ್ಬಿ ಫೋನಿನ ಬೆನ್ನು ಎದ್ದಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಿ. ಚಾರ್ಜಿಗೆ ಹಾಕಲೇಬೇಡಿ, ಬೆಂಕಿಯ ಅಪಾಯವಿದೆ. ಬ್ಯಾಟರಿಗೆ ಬಿಸಿಯೇ ವೈರಿ. ಟ್ರ್ಯಾಕ್ಟರಿನ ಮೇಲೆ, ಪಂಪ್‌ಸೆಟ್ಟಿನ ತಗಡಿನ ಪೆಟ್ಟಿಗೆಯ ಮೇಲೆ ಬಿಸಿಲಲ್ಲಿ ಫೋನು ಇಡುವ ರೂಢಿ ಬಿಟ್ಟರೆ ಅದರ ಆಯುಸ್ಸು ತಾನಾಗಿ ಹೆಚ್ಚುತ್ತದೆ.

ಎರಡನೆಯದು ತಂತ್ರಾಂಶ. ಫೋನು ನಿಧಾನವಾಯಿತು ಎನ್ನುವವರು ಮೊದಲು ಒಳಗಿನ ಉಗ್ರಾಣ ನೋಡಬೇಕು. ವಾಟ್ಸಾಪಿನ ಶುಭೋದಯದ ಚಿತ್ರಗಳು, ಮದುವೆಯ ವಿಡಿಯೊಗಳು ಅದನ್ನು ತುಂಬಿರುತ್ತವೆ. ಬೇಡವಾದುದನ್ನು ಅಳಿಸಿ, ಬಳಸದ ಆ್ಯಪುಗಳನ್ನು ತೆಗೆದರೆ ಎಷ್ಟೋ ಫೋನುಗಳು ಮತ್ತೆ ಚುರುಕಾಗುತ್ತವೆ. ಅದೂ ಸಾಲದಾದರೆ ಫೋನನ್ನು ಮೊದಲ ಸ್ಥಿತಿಗೆ ಮರಳಿಸುವ ರೀಸೆಟ್ ಇದೆ. ಇಲ್ಲೊಂದು ಎಚ್ಚರಿಕೆ. ಫೋನು ಕೊಂಡ ದಿನ ಅಂಗಡಿಯ ಹುಡುಗನೇ ಗೂಗಲ್ ಖಾತೆ ತೆರೆದುಕೊಟ್ಟಿರುತ್ತಾನೆ. ಅದರ ಪಾಸ್‌ವರ್ಡು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ರೀಸೆಟ್ ಆದ ಮೇಲೆ ಫೋನು ಅದೇ ಹಳೆಯ ಖಾತೆಯನ್ನು ಕೇಳುತ್ತದೆ. ಉತ್ತರವಿಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಮೊದಲು ಪಾಸ್‌ವರ್ಡು ಖಚಿತಪಡಿಸಿಕೊಂಡು, ಫೋಟೊ ಮತ್ತು ನಂಬರುಗಳನ್ನು ಬೇರೆಡೆ ಉಳಿಸಿ, ನಂತರವೇ ರೀಸೆಟ್ ಮಾಡಬೇಕು.

ತಂತ್ರಾಂಶದಲ್ಲಿ ದುರಸ್ತಿಗೆ ಬಗ್ಗದ ಕಾಯಿಲೆಯೂ ಒಂದಿದೆ. ಕಂಪನಿ ಭದ್ರತಾ ಪರಿಷ್ಕರಣೆ ಕಳಿಸುವುದನ್ನು ನಿಲ್ಲಿಸಿದ ಫೋನು ಚಿಲಕವಿಲ್ಲದ ಮನೆಯ ಹಾಗೆ. ಮಾತಿಗೆ, ಹಾಡಿಗೆ ಅಡ್ಡಿಯಿಲ್ಲ. ಬ್ಯಾಂಕಿನ ವ್ಯವಹಾರಕ್ಕೆ ಅದನ್ನು ನಂಬಬಾರದು. ಸೆಟ್ಟಿಂಗ್ಸಿನಲ್ಲಿ ಕೊನೆಯ ಭದ್ರತಾ ಪರಿಷ್ಕರಣೆಯ ದಿನಾಂಕ ಇರುತ್ತದೆ. ಅದು ಎರಡು ಮೂರು ವರ್ಷ ಹಿಂದಿನದಾಗಿದ್ದರೆ ಹೊಸ ಫೋನಿನ ಮಾತಿಗೆ ನಿಜವಾದ ಕಾರಣ ಸಿಕ್ಕಿತು.

ಮೂರನೆಯದು ಸಿಗ್ನಲ್. ಎಷ್ಟೋ ಸಲ ಬ್ಯಾಟರಿಯ ದೂರು ನಿಜವಾಗಿ ಸಿಗ್ನಲ್ಲಿನ ದೂರಾಗಿರುತ್ತದೆ. ಟವರು ದೂರವಿದ್ದಾಗ ಫೋನು ಹೆಚ್ಚು ಶಕ್ತಿ ಹಾಕಿ ಕೂಗಬೇಕಾಗುತ್ತದೆ. ಸಿಗ್ನಲ್ ಸಿಗದಿದ್ದರೆ ಹುಡುಕುತ್ತಲೇ ಇರುತ್ತದೆ. ಹಾವೇರಿಗೆ ಹೋದ ದಿನ ಸಂಜೆಯವರೆಗೆ ಬಾಳುವ ಬ್ಯಾಟರಿ ಊರಿನಲ್ಲಿ ಮಧ್ಯಾಹ್ನಕ್ಕೇ ಮುಗಿದರೆ ತಪ್ಪು ಬ್ಯಾಟರಿಯದಲ್ಲ. ಅಂಥವರು ಹೊಸ ಫೋನು ತಂದರೂ ಅದೇ ಕಥೆ.

ಶಿಗ್ಗಾಂವಿ, ಬಂಕಾಪುರದ ಹೆದ್ದಾರಿಯ ಬದಿಯಲ್ಲಿ ಚೆನ್ನಾಗಿ ಸಿಗುವ ಕಂಪನಿ ಹಾನಗಲ್ಲಿನ ಮಲೆನಾಡಿನ ಅಂಚಿನ ಊರಿನಲ್ಲಿ ಸಿಗಬೇಕೆಂದಿಲ್ಲ. ಹಂಸಭಾವಿಯವರ ಅನುಭವ ಸವಣೂರಿನವರಿಗೆ ಪ್ರಮಾಣವಲ್ಲ. ಕಾರಣ ಸರಳ. ಕಡಿಮೆ ಆವರ್ತನದ ಅಲೆ ದೂರ ಸಾಗುತ್ತದೆ, ಗೋಡೆಯನ್ನೂ ಸುಲಭವಾಗಿ ದಾಟುತ್ತದೆ. ಹೆಚ್ಚು ಆವರ್ತನದ ಅಲೆ ಹೆಚ್ಚು ಮಾಹಿತಿ ಹೊರುತ್ತದೆ, ಆದರೆ ಬೇಗ ಸೋಲುತ್ತದೆ. ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆಯೊಳಗೆ, ತಗಡಿನ ಶೀಟಿನ ಕೆಳಗೆ ಎರಡೂ ಕುಗ್ಗುತ್ತವೆ. ಆದ್ದರಿಂದ ಜಾಹೀರಾತನ್ನು ನಂಬದೆ ನೀವೇ ಪರೀಕ್ಷೆ ಮಾಡಿ. ಬೇರೆ ಬೇರೆ ಕಂಪನಿಯ ಸಿಮ್ಮು ಇರುವ ನೆಂಟರೋ ಗೆಳೆಯರೋ ಮನೆಗೆ ಬಂದಾಗ ಅಡುಗೆಮನೆಯಲ್ಲಿ, ಹೊಲದಲ್ಲಿ, ಮಕ್ಕಳು ಓದುವ ಮೂಲೆಯಲ್ಲಿ ಕರೆ ಮಾಡಿ ನೋಡಿ. ಸಂಜೆ ಏಳರಿಂದ ಒಂಬತ್ತರವರೆಗೆ ನೋಡಿದರೆ ಇನ್ನೂ ಒಳ್ಳೆಯದು. ದಟ್ಟಣೆ ಹೆಚ್ಚಿರುವುದು ಆಗಲೇ.

ಫೋನಿಗೂ ಸಿಮ್ಮಿಗೂ ಜಾತಕ ಕೂಡಬೇಕು. ಬಿಎಸ್ಸೆನ್ನೆಲ್ 2025ರ ಸೆಪ್ಟೆಂಬರ್ 27ರಂದು ತನ್ನ ಸ್ವದೇಶಿ 4ಜಿ ಜಾಲವನ್ನು ಸುಮಾರು 97,500 ಟವರುಗಳೊಂದಿಗೆ ಅಧಿಕೃತವಾಗಿ ಆರಂಭಿಸಿತು. ಅದು ಬಳಸುವ ಆವರ್ತನಗಳಲ್ಲಿ 700 ಮೆಗಾಹರ್ಟ್ಸ್ ಒಂದು. ಹಳ್ಳಿಗೆ ಹೇಳಿ ಮಾಡಿಸಿದ ಅಲೆ ಅದು. ಆದರೆ ಅದನ್ನು ಹಿಡಿಯಲು ಫೋನಿನಲ್ಲಿ ‘ಬ್ಯಾಂಡ್ 28’ ಇರಬೇಕು. ಹಳೆಯ ಫೋನುಗಳಲ್ಲಿ ಎಷ್ಟೋ ಕಡೆ ಇದು ಇರುವುದಿಲ್ಲ. ಹಳೆಯ 2ಜಿ, 3ಜಿ ಸಿಮ್ಮನ್ನೂ 4ಜಿ ಸಿಮ್ಮಿಗೆ ಬದಲಿಸಿಕೊಳ್ಳಬೇಕು. ನಂಬರು ಅದೇ ಉಳಿಯುತ್ತದೆ. ಇನ್ನು 2016ರ ಸೆಪ್ಟೆಂಬರಿನಲ್ಲಿ ಸೇವೆ ಆರಂಭಿಸಿದ ಜಿಯೊಗೆ 2ಜಿ, 3ಜಿ ಜಾಲವೇ ಇಲ್ಲ. ಅಜ್ಜನ ಹಳೆಯ 2ಜಿ ಬಟನ್ ಫೋನಿಗೆ ಆ ಸಿಮ್ಮು ಹಾಕಿದರೆ ಕೆಲಸ ಮಾಡದು.

ಕಂಪನಿ ಬದಲಿಸಲು ನಂಬರು ಬದಲಿಸಬೇಕಾಗಿಲ್ಲ. 2011ರ ಜನವರಿ 20ರಿಂದ ದೇಶದಾದ್ಯಂತ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯವಿದೆ. ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರು ಬರೆದು 1900ಕ್ಕೆ ಸಂದೇಶ ಕಳಿಸಿ. ಎಂಟು ಅಕ್ಷರಗಳ ಸಂಕೇತವೊಂದು ಬರುತ್ತದೆ; ನಮ್ಮ ರಾಜ್ಯದಲ್ಲಿ ಅದು ನಾಲ್ಕು ದಿನ ಚಾಲ್ತಿಯಲ್ಲಿರುತ್ತದೆ. ಗುರುತಿನ ದಾಖಲೆಯೊಂದಿಗೆ ಹೊಸ ಕಂಪನಿಯ ಅಂಗಡಿಗೆ ಹೋದರೆ ಸಾಕು. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಬಿಲ್ಲಿನ ಬಾಕಿ ಇರಬಾರದು. ನಂಬರಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಆಧಾರಿಗೆ, ಬ್ಯಾಂಕಿಗೆ ಜೋಡಿಸಿದ ನಂಬರನ್ನು ರೀಚಾರ್ಜು ಮಾಡದೆ, ಬಳಸದೆ ತಿಂಗಳುಗಟ್ಟಲೆ ಬಿಟ್ಟರೆ ಅದು ರದ್ದಾಗಿ ಮುಂದೆ ಬೇರೊಬ್ಬರ ಪಾಲಾಗಬಹುದು. ನಿಮ್ಮ ಖಾತೆಯ ಒಟಿಪಿ ಅವರ ಕೈಗೆ ಹೋದಂತೆ. ಡೇಟಾ ಬೇಡದ ಹಿರಿಯರಿಗೆ ಬರೀ ಕರೆ, ಎಸ್ಸೆಮ್ಮೆಸ್ಸಿನ ಪ್ಯಾಕುಗಳೂ 2025ರಿಂದ ಎಲ್ಲ ಕಂಪನಿಗಳಲ್ಲಿ ಸಿಗುತ್ತವೆ, ಕೇಳಿ ಪಡೆಯಿರಿ.

ಇಷ್ಟೆಲ್ಲ ನೋಡಿದ ಮೇಲೂ ಹೊಸ ಫೋನು ಬೇಕೇ ಆದರೆ ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಭದ್ರತಾ ಪರಿಷ್ಕರಣೆ ಎಷ್ಟು ವರ್ಷ ಬರುತ್ತದೆ? ಬ್ಯಾಂಡ್ 28 ಇದೆಯೇ? ಸೇವಾ ಕೇಂದ್ರ ಹಾವೇರಿಯಲ್ಲಿದೆಯೋ ಹುಬ್ಬಳ್ಳಿಗೇ ಹೋಗಬೇಕೋ? ಕಂತಿನಲ್ಲಿ ಕೊಂಡರೆ ಎಲ್ಲ ಸೇರಿ ಎಷ್ಟು ಕಟ್ಟಬೇಕು? ಬೆನ್ನಲ್ಲಿ ಎಷ್ಟು ಕ್ಯಾಮೆರಾ ಎಂಬುದು ಐದನೆಯ ಪ್ರಶ್ನೆಯಾಗಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು *#06# ಒತ್ತಿ ಐಎಂಇಐ ಸಂಖ್ಯೆ ಪಡೆದು, ಕೇಂದ್ರ ಸರ್ಕಾರದ ‘ಸಂಚಾರ ಸಾಥಿ’ ತಾಣದಲ್ಲಿ ಪರೀಕ್ಷಿಸಬೇಕು. ಕಳವಿನ ಫೋನೆಂದು ತಡೆ ಹಾಕಿದ್ದರೆ ಅಲ್ಲಿ ತಿಳಿಯುತ್ತದೆ.

ಹಳೆಯ ಫೋನನ್ನು ತಿಪ್ಪೆಗೆ ಎಸೆಯಬೇಡಿ. ಕೆಲಸ ಮಾಡುವಂತಿದ್ದರೆ ಮಕ್ಕಳ ಪಾಠಕ್ಕೋ ಅಜ್ಜಿಯ ಭಜನೆಯ ಹಾಡಿಗೋ ಆದೀತು. ಮಾರುವುದಾದರೆ ಒಳಗಿನದೆಲ್ಲ ಅಳಿಸಿ, ಸಿಮ್ಮು ಮತ್ತು ಮೆಮೊರಿ ಕಾರ್ಡು ತೆಗೆದು ಕೊಡಿ. ಪೂರ್ತಿ ಕೆಟ್ಟದ್ದನ್ನು ಇ-ತ್ಯಾಜ್ಯ ಪಡೆಯುವಲ್ಲಿಗೆ ತಲುಪಿಸಿ. ಒಂದು ಫೋನು ತನ್ನ ಆಯುಸ್ಸಿನಲ್ಲಿ ಪರಿಸರಕ್ಕೆ ಹೊರಿಸುವ ಇಂಗಾಲದ ಹೊರೆಯಲ್ಲಿ ಹೆಚ್ಚಿನ ಪಾಲು ಅದನ್ನು ತಯಾರಿಸುವಾಗಲೇ ಆಗಿಬಿಟ್ಟಿರುತ್ತದೆ. ಹೀಗಾಗಿ ಎರಡು ವರ್ಷದ ಫೋನನ್ನು ನಾಲ್ಕು ವರ್ಷ ಬಾಳಿಸಿದರೆ ಉಳಿಯುವುದು ನಮ್ಮ ದುಡ್ಡು ಮಾತ್ರವಲ್ಲ.

ಮೊದಲು ಉಗ್ರಾಣ ಹಗುರ ಮಾಡಿ, ಅದಕ್ಕೆ ಖರ್ಚಿಲ್ಲ. ನಂತರ ಸಿಗ್ನಲ್ ಪರೀಕ್ಷಿಸಿ. ಬೇಕಾದರೆ ಕಂಪನಿ ಬದಲಿಸಿ, ನಂಬರು ಬಿಡಬೇಡಿ. ಆಮೇಲೆ ಬ್ಯಾಟರಿ. ಇವು ಮೂರೂ ಸೋತಾಗ, ಇಲ್ಲವೇ ಭದ್ರತಾ ಪರಿಷ್ಕರಣೆ ನಿಂತುಹೋದಾಗ, ಹೊಸ ಫೋನಿನ ಅಂಗಡಿಯ ಮೆಟ್ಟಿಲು ಹತ್ತಿ. ಆಗ ಖರ್ಚು ಮಾಡಿದ ಹಣಕ್ಕೆ ಅರ್ಥವಿರುತ್ತದೆ.