ನಾಕಾದಲ್ಲಿ ನ್ಯಾಯ: ಲಾಕ್‌ಡೌನ್ ಕಾಲದ ಪೊಲೀಸರು ಮತ್ತು ನಾವು

(ಗೋವಾದ ಕೊರ್ತಾಲಿಮ್‌ನಲ್ಲಿ ನೀಡಿದ ದತ್ತಿ ಉಪನ್ಯಾಸ)



ದತ್ತಿ ಉಪನ್ಯಾಸಕ್ಕೆ ಸಾಹಿತ್ಯದ ವಿಷಯ ಆರಿಸಿಕೊಳ್ಳುವುದು ವಾಡಿಕೆ. ನಾನು ಪೊಲೀಸ್ ನಾಕಾದ ವಿಷಯ ಆರಿಸಿಕೊಂಡಿದ್ದೇನೆ. 2020 ಮತ್ತು 2021ರಲ್ಲಿ ಕೊರೋನಾ ಹರಡದಂತೆ ಸರ್ಕಾರ ನಮ್ಮ ಓಡಾಟಕ್ಕೆ ತಡೆ ಹಾಕಿತು. ಆ ತಡೆಯನ್ನು ಬೀದಿಯಲ್ಲಿ ನಿಂತು ಜಾರಿಗೆ ತಂದವರು ಪೊಲೀಸರು. ಅವರ ಬಗ್ಗೆ ಜನ ಏನೆಂದುಕೊಂಡರು, ಯಾಕೆ ಹಾಗೆಂದುಕೊಂಡರು ಎಂಬುದನ್ನು ಸಮಾಧಾನದಿಂದ ಕೂತು ಯೋಚಿಸುವ ಕೆಲಸ ಇನ್ನೂ ಬಾಕಿ ಇದೆ. ಅದನ್ನು ಯೋಚಿಸಲು ಕೊರ್ತಾಲಿಮ್‌ಗಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

1. ಮೂರು ದಾರಿ ಕೂಡುವ ಊರು

ಪಣಜಿ, ಮಡಗಾಂವ್, ವಾಸ್ಕೋ ಈ ಮೂರೂ ಕಡೆಯ ದಾರಿಗಳು ಕೊರ್ತಾಲಿಮ್‌ನಲ್ಲಿ ಸೇರುತ್ತವೆ. ಝುವಾರಿ ಹೊಳೆಯ ಮೇಲಿನ ಸೇತುವೆ ದಾಟದೆ ದಕ್ಷಿಣ ಗೋವಾದವರು ರಾಜಧಾನಿಗೆ ಸುಲಭವಾಗಿ ಹೋಗಲಾರರು. ಇಲ್ಲಿ ಒಂದು ಬ್ಯಾರಿಕೇಡ್ ನಿಂತರೆ ಅರ್ಧ ಗೋವಾ ನಿಂತಂತೆ. ಭಯ ಹೊತ್ತು ಈ ಹೊಳೆ ದಾಟಿದ ನೆನಪು ಈ ಊರಿಗೆ ಬಹಳ ಹಳೆಯದು. ಮಂಗೇಶ ದೇವರ ಮೂಲಸ್ಥಾನ ಇಲ್ಲೇ ಇತ್ತು. ಪೋರ್ಚುಗೀಸರ ಕಾಲದಲ್ಲಿ, 1560ರಲ್ಲಿ, ಭಕ್ತರು ಲಿಂಗವನ್ನು ಹೊಳೆಯಾಚೆಯ ಪ್ರಿಯೋಳಕ್ಕೆ ಸಾಗಿಸಿದರು.

2020ರ ಮಾರ್ಚ್ 22ರ ಜನತಾ ಕರ್ಫ್ಯೂವನ್ನು ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಅವರ ಸರ್ಕಾರ ಇಲ್ಲಿ ಮುಂದುವರಿಸಿತು. 25ರಿಂದ ದೇಶಕ್ಕೇ ಲಾಕ್‌ಡೌನ್ ಬಂತು. ಆರಂಭದ ದಿನಗಳಲ್ಲಿ ಗೋವಾದಲ್ಲಿ ಕಿರಾಣಿ ಅಂಗಡಿಗಳನ್ನೂ ಮುಚ್ಚಿಸಲಾಗಿತ್ತು. ಮನೆಯಲ್ಲಿ ತಿಂಗಳ ದಿನಸಿ ಇದ್ದವರು ಅದನ್ನು ತಡೆದುಕೊಂಡರು. ಅಂದಂದಿನ ಕೂಲಿಯಲ್ಲಿ ಅಂದಂದಿನ ಅಕ್ಕಿ ತರುವ ಗೌಂಡಿ, ಹೆಲ್ಪರ್, ಮನೆಗೆಲಸದವರು ಬೀದಿಗೆ ಬರಲೇಬೇಕಾಯಿತು. ಬಾಗಲಕೋಟೆ, ವಿಜಯಪುರ, ಕೊಪ್ಪಳ, ಗದಗ, ಹಾವೇರಿ ಕಡೆಯಿಂದ ಬಂದ ನಮ್ಮವರಲ್ಲಿ ಹೆಚ್ಚಿನವರು ಈ ಎರಡನೆಯ ಸಾಲಿಗೆ ಸೇರಿದವರು. ಒಂದೇ ಆದೇಶ ಎರಡು ಮನೆಗಳಲ್ಲಿ ಎರಡು ಬೇರೆ ಶಿಕ್ಷೆಯಾಯಿತು. ಪೊಲೀಸರ ಬಗ್ಗೆ ಜನರ ಭಾವನೆ ಇಬ್ಭಾಗವಾದದ್ದು ಮೊದಲು ಇಲ್ಲಿ.

ಇನ್ನೊಂದು ಮಾತನ್ನೂ ಸೇರಿಸಬೇಕು. ವಾಸ್ಕೋದ ಬೈನಾದ ಜನರಿಗೆ ಖಾಕಿ ಬಟ್ಟೆಯ ನೆನಪು 2020ರಲ್ಲಿ ಶುರುವಾದದ್ದಲ್ಲ. 2004ರ ಜೂನ್‌ನಲ್ಲಿ, ಆಮೇಲೆ 2015ರಲ್ಲಿ, 2017ರಲ್ಲಿ ಅಲ್ಲಿ ಮನೆಗಳನ್ನು ಕೆಡವಿದಾಗ ಬುಲ್ಡೋಜರಿನ ಮುಂದೆ ನಿಂತಿದ್ದವರು ಪೊಲೀಸರೇ. ಅದನ್ನು ಕಂಡವರು ನಾಕಾದ ಹತ್ತಿರ ಬರುವಾಗಲೇ ಅಂಜಿ ಬರುತ್ತಾರೆ. ಅಂಜಿ ಬಂದವರನ್ನು ಪೊಲೀಸರು ಕಳ್ಳರೆಂದು ಅನುಮಾನಿಸುತ್ತಾರೆ.

2. ಹಳೆಯ ಕಾಯ್ದೆ, ಹಳೆಯ ಗಾಯ

ಲಾಕ್‌ಡೌನ್ ನಿಂತದ್ದು ಎರಡು ಕಾಯ್ದೆಗಳ ಮೇಲೆ. ಒಂದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಇನ್ನೊಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಆದೇಶ ಮೀರಿದವರ ಮೇಲೆ ಹಾಕಿದ್ದು ಹೆಚ್ಚಾಗಿ ಭಾರತೀಯ ದಂಡ ಸಂಹಿತೆಯ 188ನೇ ಕಲಂ. ಇಂದು ಅದರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ ಇದೆ. ಈ ಕಲಮಿನ ಅಪರಾಧಕ್ಕೆ ಸಂಬಂಧಪಟ್ಟ ಅಧಿಕಾರಿ ಲಿಖಿತ ದೂರು ಕೊಡಬೇಕು, ಆಮೇಲೆ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬೇಕು. ಬಸ್ಕಿ ಹೊಡೆಸುವುದು, ಕಪ್ಪೆಯಂತೆ ಕುಪ್ಪಳಿಸುವಂತೆ ಮಾಡುವುದು, ಬೆನ್ನಿಗೆ ಲಾಠಿ ಬೀಸುವುದು ಈ ಯಾವ ಕಾಯ್ದೆಯಲ್ಲೂ ಇಲ್ಲ. ಆದರೆ ದೇಶದ ಊರೂರಿನ ಮೊಬೈಲುಗಳಲ್ಲಿ ಹರಿದಾಡಿದ್ದು ಇವೇ ದೃಶ್ಯಗಳು. ಬೆಂಗಳೂರಿನ ಅಂದಿನ ಪೊಲೀಸ್ ಕಮಿಷನರ್ ಭಾಸ್ಕರ್ ರಾವ್ ಅವರು ಮಾರ್ಚ್ ಕೊನೆಗೆ, ಲಾಠಿಯನ್ನು ಠಾಣೆಯಲ್ಲೇ ಬಿಟ್ಟು ಕೆಲಸಕ್ಕೆ ಹೋಗಿ ಎಂದು ಸಿಬ್ಬಂದಿಗೆ ಸೂಚಿಸಬೇಕಾಯಿತು.

1897ರ ಕಾಯ್ದೆ ಹುಟ್ಟಿದ್ದು ಮುಂಬೈ ಪ್ರಾಂತದ ಪ್ಲೇಗ್ ಕಾಲದಲ್ಲಿ. ಪುಣೆಯಲ್ಲಿ ಸೈನಿಕರು ಮನೆಮನೆ ನುಗ್ಗಿ ರೋಗಿಗಳನ್ನು ಹುಡುಕಿದರು, ಅಡುಗೆಮನೆ ದೇವರಮನೆ ಎನ್ನಲಿಲ್ಲ. ಜನರ ಸಿಟ್ಟು ಮಡುಗಟ್ಟಿತು. ಅದೇ ವರ್ಷ ಜೂನ್ 22ರ ರಾತ್ರಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನು ಗುಂಡಿಟ್ಟು ಗಾಯಗೊಳಿಸಿದರು, ಆ ಗಾಯದಿಂದಲೇ ಆತ ಮುಂದೆ ಸತ್ತ. ಮದ್ರಾಸ್ ಪ್ರಾಂತದಲ್ಲಿ ರೋಗದ ಊರಿನಿಂದ ಬಂದವರಿಗೆ ಪ್ಲೇಗ್ ಪಾಸ್‌ಪೋರ್ಟ್ ಕೊಟ್ಟು, ನಿಗದಿಯಾದಷ್ಟು ದಿನ ಅಧಿಕಾರಿಯ ಮುಂದೆ ಹಾಜರಾಗಿ ಎಂದರು. ರೋಗ ತಡೆಯುವ ಉದ್ದೇಶ ಎರಡೂ ಕಡೆ ಒಂದೇ. ಆದರೆ ಹೆಣ್ಣುಮಕ್ಕಳ, ಮನೆಯ ಮರ್ಯಾದೆಗೆ ಕೈಹಾಕಿದಾಗ ಔಷಧವೂ ಶತ್ರುವಿನಂತೆ ಕಂಡಿತು. ಈ ಪಾಠ ನಮ್ಮ ಮುಂದೆ ನೂರ ಇಪ್ಪತ್ತು ವರ್ಷಗಳಿಂದ ಇತ್ತು.

3. ಜನ ನಿಜಕ್ಕೂ ಏನೆಂದುಕೊಂಡರು

ಪೊಲೀಸರ ಪರ ಒಂದು ಗುಂಪು, ವಿರುದ್ಧ ಇನ್ನೊಂದು ಗುಂಪು ಎಂದು ವಿಂಗಡಿಸಿದರೆ ಸತ್ಯ ಕೈಗೆ ಸಿಗುವುದಿಲ್ಲ. ಒಬ್ಬರ ಎದೆಯೊಳಗೇ ಎರಡೂ ಇದ್ದವು. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳಲ್ಲಿ ಪೊಲೀಸರು ಬರುವ ಮೊದಲೇ ಊರವರು ರಸ್ತೆಗೆ ಅಡ್ಡವಾಗಿ ಜಾಲಿಮುಳ್ಳು ಹಚ್ಚಿದರು, ಕಲ್ಲು ಉರುಳಿಸಿದರು, ಕೆಲವೆಡೆ ರಸ್ತೆಯನ್ನೇ ಅಗೆದರು. ಹೊರಗಿನವರು ಬರಬೇಡಿ ಎಂದು ಬೋರ್ಡು ಬರೆದರು. ಆ ಮುಳ್ಳಿನ ಆಚೆ ನಿಂತದ್ದು ಯಾರು? ಗೋವಾದಿಂದ, ಮುಂಬೈಯಿಂದ, ಬೆಂಗಳೂರಿನಿಂದ ಮರಳಿದ ಅದೇ ಊರಿನ ಮಕ್ಕಳು. ಬಿಗಿಯಾದ ತಡೆ ಬೇಕು ಎಂದವರೂ ಆ ಊರವರೇ, ನನ್ನ ಮಗನನ್ನು ಮಾತ್ರ ಬಿಡಿ ಎಂದು ಕೈಮುಗಿದವರೂ ಅವರೇ. ಇದನ್ನು ಕಪಟ ಎಂದು ನಾನು ಕರೆಯಲಾರೆ. ಭಯ ಮತ್ತು ಕರುಳು ಒಟ್ಟಿಗೆ ಎಳೆದಾಗ ಮನುಷ್ಯ ಹೀಗೆಯೇ ನಡೆದುಕೊಳ್ಳುತ್ತಾನೆ.

ಪೊಲೀಸರ ಕಡೆಯನ್ನೂ ನೋಡಬೇಕು. 2020ರ ಏಪ್ರಿಲ್ 12ರಂದು ಪಟಿಯಾಲದ ತರಕಾರಿ ಮಾರುಕಟ್ಟೆಯಲ್ಲಿ ಕರ್ಫ್ಯೂ ಪಾಸ್ ಕೇಳಿದ್ದಕ್ಕೆ ಎಎಸ್‌ಐ ಹರ್ಜೀತ್ ಸಿಂಗ್ ಅವರ ಕೈಯನ್ನು ಕತ್ತರಿಸಿದರು. ಚಂಡೀಗಢದ ಪಿಜಿಐ ವೈದ್ಯರು ಅದನ್ನು ಮತ್ತೆ ಜೋಡಿಸಿದರು. ದೇಶವೆಲ್ಲ ಅವರ ಹೆಸರಿನಲ್ಲಿ ಪೊಲೀಸರ ಜೊತೆ ನಿಂತಿತು. ಮುಂಬೈಯಲ್ಲಿ ಮೂವರು ಪೊಲೀಸರು ಕೊರೋನಾಕ್ಕೆ ಬಲಿಯಾದ ಮೇಲೆ 55 ದಾಟಿದವರಿಗೆ ಮನೆಯಲ್ಲೇ ಇರಲು ಹೇಳಿದರು. ಬಿಸಿಲಲ್ಲಿ ಹಗಲಿಡೀ ನಿಂತು, ರಾತ್ರಿ ಮನೆಯ ಮಕ್ಕಳನ್ನು ಮುಟ್ಟದೆ ಮಲಗಿದ ಕಾನ್‌ಸ್ಟೆಬಲ್, ಹೋಮ್‌ಗಾರ್ಡ್‌ಗಳ ಋಣ ನಮ್ಮ ಮೇಲಿದೆ.

ಎರಡೇ ತಿಂಗಳಲ್ಲಿ ಗಾಳಿ ಇನ್ನೊಂದು ಕಡೆ ತಿರುಗಿತು. ತಮಿಳುನಾಡಿನ ಸಾತಾನ್‌ಕುಳಂನಲ್ಲಿ, ಹೊತ್ತು ಮೀರಿ ಅಂಗಡಿ ತೆರೆದಿದ್ದರೆಂದು ಜೂನ್ 19ರಂದು ಹಿಡಿದೊಯ್ದ ಜಯರಾಜ್, ಅವರ ಮಗ ಬೆನಿಕ್ಸ್ ಇಬ್ಬರೂ ನಾಲ್ಕು ದಿನಗಳೊಳಗೆ ಸತ್ತುಹೋದರು. ಕೈ ಕಡಿಸಿಕೊಂಡ ಅಧಿಕಾರಿಗಾಗಿ ಮರುಗಿದ ಜನವೇ ಈ ತಂದೆಮಗನಿಗಾಗಿ ಬೀದಿಗಿಳಿದರು. ಜನ ಇಬ್ಬರಿಗೂ ಒಂದೇ ತಕ್ಕಡಿ ಹಿಡಿದರು: ನಿಯಮದ ಹೆಸರಿನಲ್ಲಿ ಯಾರ ಮೈಗೂ ಕೈಹಾಕಬಾರದು.

4. ನಾಕಾದ ಒಂದು ಮಾತುಕತೆ

ಗೋವಾದಿಂದ ಊರಿಗೆ ಹೊರಟ ನಮ್ಮವರಿಗೆ ಗೊತ್ತಿದ್ದ ದಾರಿಗಳು ಮೊಲೆಂ ಹಾದು ಅನಮೋಡ ಘಟ್ಟ, ಕೇರಿ ಹಾದು ಚೋರ್ಲಾ ಘಟ್ಟ, ಪೋಳೆಂ ಹಾದು ಕಾರವಾರ. ಆ ದಾರಿಗಳ ನಾಕಾದಲ್ಲಿ ನಡೆಯುತ್ತಿದ್ದ ಮಾತನ್ನು ನೀವೇ ನನಗೆ ಹೇಳಿದ್ದೀರಿ. “ಸಾಹೇಬ್ರ, ಊರಾಗ ಅವ್ವಗ ಆರಾಮಿಲ್ರಿ, ಹೋಗಾಕ ಬೇಕ್ರಿ.” ಕೇಳುವವರಿಗೆ ಕೊಂಕಣಿ, ಹಿಂದಿ ಬರುತ್ತದೆ, ಹೇಳುವವರಿಗೆ ಬಾಗಲಕೋಟೆಯ ಕನ್ನಡ. ಪಾಸ್ ಇದೆಯೇ ಎಂದರೆ ಅದನ್ನು ಮೊಬೈಲಿನಲ್ಲಿ ತುಂಬಬೇಕು: ಗಾಡಿ ನಂಬರು, ಆಧಾರ್ ನಂಬರು, ಹೋಗುವ ಕಾರಣ. ಕಾರಣಕ್ಕೆ ಕಾಗದ ಬೇಕು. ಅವ್ವನ ಜ್ವರಕ್ಕೆ ಕಾಗದ ಎಲ್ಲಿಂದ ತರುವುದು?

ಅದೇ ನಾಕಾದಲ್ಲಿ ಒಬ್ಬ ಸಿಪಾಯಿ ಕನ್ನಡ ಬಲ್ಲ ಲಾರಿ ಡ್ರೈವರನ್ನು ಕರೆದು ವಿಚಾರಿಸಿದರೆ, ಇವತ್ತು ಬಿಡಲಾಗದು, ಇಂಥ ದಿನ ಇಂಥ ಕಡೆ ಬಸ್ಸು ಬಿಡುತ್ತಾರೆ ಎಂದರೆ, ಜನ ಬೈಯದೆ ಹಿಂದಿರುಗುತ್ತಿದ್ದರು. ಬಿಡಲಿಲ್ಲ ಎಂಬ ನೋವು ಅವರಿಗೂ ಇತ್ತು. ಆದರೆ ನನ್ನ ಮಾತು ಕೇಳಿದರು ಎಂಬ ಸಮಾಧಾನ ಆ ನೋವಿನ ಜೊತೆಗಿತ್ತು. ಇಂದು ನಾನು ಒತ್ತಿ ಹೇಳಬೇಕೆಂದಿರುವ ಒಂದೇ ಸಂಗತಿ ಇದು: ಜನ ಮುನಿದದ್ದು ತಡೆದದ್ದಕ್ಕಿಂತ ಹೆಚ್ಚಾಗಿ ತಡೆದ ರೀತಿಗೆ.

ಅಮೆರಿಕದ ವಿದ್ವಾಂಸ ಟಾಮ್ ಟೈಲರ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನೇ ತೋರಿಸಿದರು. ಜನ ಕಾನೂನಿಗೆ ತಲೆಬಾಗುವುದು ಬರೀ ಶಿಕ್ಷೆಯ ಅಂಜಿಕೆಯಿಂದಲ್ಲ. ಅಧಿಕಾರಿ ತಮ್ಮನ್ನು ನ್ಯಾಯವಾಗಿ, ಗೌರವದಿಂದ ನಡೆಸಿಕೊಳ್ಳುತ್ತಾರೆಂಬ ನಂಬಿಕೆ ಅಂಜಿಕೆಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಈ ನಂಬಿಕೆ ಸೋತಲ್ಲಿ ಜನ ನಾಕಾ ತಪ್ಪಿಸುವ ದಾರಿ ಹುಡುಕಿದರು. 2020ರ ಮೇ 8ರಂದು ಔರಂಗಾಬಾದ್ ಬಳಿ ರೈಲು ಹಳಿ ಹಿಡಿದು ನಡೆದು, ದಣಿದು ಹಳಿಯ ಮೇಲೇ ಮಲಗಿದ್ದ 16 ಕಾರ್ಮಿಕರ ಮೇಲೆ ಗೂಡ್ಸ್ ರೈಲು ಹರಿಯಿತು. ಜೂನ್ 9ರಂದು ಸುಪ್ರೀಂ ಕೋರ್ಟ್, ವಲಸೆ ಕಾರ್ಮಿಕರನ್ನು 15 ದಿನಗಳೊಳಗೆ ಊರು ಮುಟ್ಟಿಸಿ, ಲಾಕ್‌ಡೌನ್ ಮೀರಿ ನಡೆದರೆಂದು ಅವರ ಮೇಲೆ ಹಾಕಿದ ಕೇಸುಗಳನ್ನು ವಾಪಸ್ ಪಡೆಯುವುದನ್ನು ಪರಿಗಣಿಸಿ ಎಂದು ಸರ್ಕಾರಗಳಿಗೆ ಹೇಳಿತು. ಊರಿಗೆ ನಡೆದು ಹೋಗುವುದು ಅಪರಾಧವಲ್ಲ ಎಂಬ ತಿಳಿವಳಿಕೆ ಬಂತು, ಆದರೆ ಬಹಳ ತಡವಾಗಿ ಬಂತು.

5. ಇದೇ ಹೆದ್ದಾರಿಯ ತಲಪಾಡಿ

ಕೊರ್ತಾಲಿಮ್ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಹೋಗುತ್ತ ಹೋದರೆ ತಲಪಾಡಿ ಸಿಗುತ್ತದೆ. ಅಲ್ಲಿಂದಾಚೆ ಕೇರಳದ ಕಾಸರಗೋಡು ಜಿಲ್ಲೆ. ಮಂಜೇಶ್ವರ, ಕುಂಬಳೆಯ ಕನ್ನಡಿಗರು, ತುಳುವರು, ಬ್ಯಾರಿಗಳು, ಮಲಯಾಳಿಗಳು ಹೆರಿಗೆಗೆ, ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ ಮಂಗಳೂರು, ದೇರಳಕಟ್ಟೆಯ ಆಸ್ಪತ್ರೆಗಳನ್ನೇ ನೆಚ್ಚಿದವರು. 2020ರ ಮಾರ್ಚ್‌ನಲ್ಲಿ ಕಾಸರಗೋಡಿನಲ್ಲಿ ಸೋಂಕು ಏರಿತು. ಕರ್ನಾಟಕ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಆಂಬ್ಯುಲೆನ್ಸ್‌ಗಳು ಹಿಂದಿರುಗಿದವು, ಆಸ್ಪತ್ರೆ ಮುಟ್ಟದೆ ರೋಗಿಗಳು ತೀರಿಕೊಂಡರು.

ಏಪ್ರಿಲ್ 1ರಂದು ಕೇರಳ ಹೈಕೋರ್ಟ್, ತುರ್ತು ಚಿಕಿತ್ಸೆಗೆ ಹೋಗುವವರನ್ನು ತಡೆಯುವುದು ಬದುಕುವ ಹಕ್ಕಿಗೆ ಧಕ್ಕೆ ಎಂದಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ 7ರಂದು, ರೋಗಿಗಳನ್ನು ಬಿಡುವ ಕ್ರಮದ ಬಗ್ಗೆ ಒಪ್ಪಂದವಾಗಿದೆ ಎಂದು ಕೇಂದ್ರ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು. ಮಂಗಳೂರಿನ ಎಷ್ಟೋ ಮಂದಿ ಗಡಿ ಮುಚ್ಚಿದ್ದೇ ಸರಿ ಎಂದರು. ಅವರ ಭಯ ಸುಳ್ಳಲ್ಲ. ಆದರೆ ಮಣ್ಣಿನ ರಾಶಿ ಯಾರ ಮಾತನ್ನೂ ಕೇಳಲಾರದು. ಅದರ ಬದಲು ಒಬ್ಬ ವೈದ್ಯರು, ಒಬ್ಬ ಪೊಲೀಸ್ ಅಧಿಕಾರಿ ಅಲ್ಲಿ ನಿಂತಿದ್ದರೆ ಕೆಲವು ಜೀವಗಳಾದರೂ ಉಳಿಯುತ್ತಿದ್ದವು. ಏಪ್ರಿಲ್ 7ಕ್ಕೆ ಆದ ಒಪ್ಪಂದವನ್ನು ಗಡಿ ಮುಚ್ಚಿದ ದಿನವೇ ಮಾಡಬಹುದಿತ್ತು.

6. ದೊಡ್ಡವರಿಗೊಂದು, ಬಡವರಿಗೊಂದು

ನಿಯಮ ಎಲ್ಲರಿಗೂ ಒಂದೇ ಎಂದು ಕಂಡರೆ ಜನ ಕಷ್ಟವನ್ನೂ ಸಹಿಸುತ್ತಾರೆ. ಇಂಗ್ಲೆಂಡಿನಲ್ಲಿ 2021ರ ಜನವರಿಯಲ್ಲಿ, ಮನೆಯಿಂದ ಐದು ಮೈಲಿ ದೂರ ಹೋಗಿ ವಾಕ್ ಮಾಡಿದ ಇಬ್ಬರು ಹೆಂಗಸರಿಗೆ ಡರ್ಬಿಶೈರ್ ಪೊಲೀಸರು ತಲಾ 200 ಪೌಂಡ್ ದಂಡ ಹಾಕಿದರು. ಟೀಕೆ ಬಂದ ಮೇಲೆ ಹಿಂತೆಗೆದುಕೊಂಡರು. ಅದಕ್ಕೂ ಮೊದಲು ಪ್ರಧಾನಿಯ ಸಲಹೆಗಾರ ಡಾಮಿನಿಕ್ ಕಮಿಂಗ್ಸ್ ಲಾಕ್‌ಡೌನ್ ನಡುವೆ ಲಂಡನ್ನಿನಿಂದ ಡರ್ಹಮ್‌ಗೆ ಕಾರಿನಲ್ಲಿ ಹೋದದ್ದು ಬಯಲಾಗಿತ್ತು. ಆ ಸುದ್ದಿಯ ನಂತರ ಇಂಗ್ಲೆಂಡಿನಲ್ಲಿ ಸರ್ಕಾರದ ಮೇಲಿನ ವಿಶ್ವಾಸ ಕುಸಿಯಿತೆಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಅಂಥ ಕುಸಿತ ಕಾಣಲಿಲ್ಲ.

ನಮ್ಮಲ್ಲೂ 2020ರ ಏಪ್ರಿಲ್‌ನಲ್ಲಿ ಕರ್ನಾಟಕದ ಮಾಜಿ ಮುಖ್ಯಮಂತ್ರಿಯೊಬ್ಬರ ಮಗನ ಮದುವೆ ರಾಮನಗರದ ಬಳಿ ನಡೆದಾಗ, ಗಾಡಿಗಳಿಗೆ ಅನುಮತಿ ಕೊಟ್ಟ ಬಗ್ಗೆ ಹೈಕೋರ್ಟ್ ಸರ್ಕಾರದಿಂದ ವಿವರಣೆ ಕೇಳಿತು. ಅದೇ ವಾರಗಳಲ್ಲಿ ಹಾಲು ತರಲು ಹೋದವರ ಬೈಕುಗಳು ಠಾಣೆಯ ಅಂಗಳದಲ್ಲಿ ಬಿದ್ದಿದ್ದವು. ಗೋವಾದಲ್ಲಿ ಆ ಜೂನ್‌ನಲ್ಲಿ, ಕೊರೋನಾ ಇಲ್ಲವೆಂಬ ಪ್ರಮಾಣಪತ್ರವಿಲ್ಲದೆ ಗಡಿ ದಾಟಿ ಬರುವವರು ತಪಾಸಣೆಗೆ 2,000 ರೂಪಾಯಿ ಕಟ್ಟಬೇಕಾಯಿತು. ಕಾರಿನಲ್ಲಿ ಬಂದವರಿಗೆ ಅದು ಒಂದು ಹೊತ್ತಿನ ಹೋಟೆಲ್ ಬಿಲ್ಲು. ಕೆಲಸಕ್ಕೆ ಮರಳುವ ಕೂಲಿಯವರಿಗೆ ಹಲವು ದಿನಗಳ ದುಡಿಮೆ. ಜೂನ್ 1ರಂದು ವಾಸ್ಕೋದ ಮಾಂಗೋರ್ ಹಿಲ್ ಕಂಟೈನ್‌ಮೆಂಟ್ ವಲಯವಾದಾಗ, ಅಲ್ಲಿಯವರೆಂಬ ಒಂದೇ ಕಾರಣಕ್ಕೆ ಕೆಲಸದಿಂದ ಬಿಡಿಸಿದವರ ಕಥೆಗಳನ್ನು ನೀವೆಲ್ಲ ಬಲ್ಲಿರಿ.

7. ಮುಂದಿನ ಸಲಕ್ಕೆ

ಇನ್ನೊಂದು ಪಿಡುಗು ಬಾರದಿರಲಿ. ಬಂದರೆ ಮತ್ತೆ ತಡೆ ಬೇಕಾಗುತ್ತದೆ, ಮತ್ತೆ ಪೊಲೀಸರೇ ನಿಲ್ಲಬೇಕಾಗುತ್ತದೆ. ಅದಕ್ಕೆ ಈಗಲೇ ಕೆಲವು ಸಿದ್ಧತೆ ಆಗಲಿ.

ನಾಕಾದಲ್ಲಿ ಆದೇಶದ ಸಾರಾಂಶವನ್ನು ದಾರಿಹೋಕರ ಭಾಷೆಯಲ್ಲಿ ಬರೆದು ಹಾಕಲಿ. ಗೋವಾದ ಗಡಿಗಳಲ್ಲಿ ಕೊಂಕಣಿ, ಮರಾಠಿ, ಕನ್ನಡ, ಹಿಂದಿ ನಾಲ್ಕೂ ಇರಲಿ. ತಡೆದವರಿಗೆ ಕಾರಣ, ಸಮಯ, ಅಧಿಕಾರಿಯ ಹೆಸರು ಬರೆದ ಚೀಟಿ ಸಿಗಲಿ. ಪಾಸ್ ಕೊಡುವ ಕೆಲಸ ಮೊಬೈಲಿಗಷ್ಟೇ ಸೀಮಿತವಾಗದೆ ಪಂಚಾಯಿತಿ ಕಚೇರಿಯಲ್ಲೂ ಆಗಲಿ. ರೋಗಿ, ಬಸುರಿ, ಸಾವಿನ ಮನೆಗೆ ಹೊರಟವರು ಬಂದರೆ ತೀರ್ಮಾನಿಸುವ ಅಧಿಕಾರ ಸ್ಥಳದಲ್ಲೇ ಒಬ್ಬರಿಗೆ ಇರಲಿ. ಗಡಿ ಮುಚ್ಚುವ ಮೊದಲು ಎರಡೂ ರಾಜ್ಯಗಳು ರೋಗಿಗಳ ದಾರಿಯನ್ನು ಗೊತ್ತು ಮಾಡಿಕೊಳ್ಳಲಿ. ಅಂದಂದಿನ ಕೂಲಿಯವರಿಗೆ ಅಕ್ಕಿ ಬೇಳೆ ಮುಟ್ಟಿಸಿದ ಮೇಲೆ ಮನೆಯಲ್ಲಿರಿ ಎನ್ನಲಿ. ಲಾಠಿ ಬೀಸಿದ ಸಿಬ್ಬಂದಿಯ ಮೇಲೆ ಇಲಾಖೆಯೇ ವಿಚಾರಣೆ ನಡೆಸಿ ಫಲಿತಾಂಶ ಪ್ರಕಟಿಸಲಿ. ನಾಕಾದಲ್ಲಿ ನಿಲ್ಲುವ ಕಾನ್‌ಸ್ಟೆಬಲ್‌ಗೆ ನೆರಳು, ನೀರು, ಮಾಸ್ಕು, ಪಾಳಿಯ ವಿಶ್ರಾಂತಿ ಹಕ್ಕಾಗಿ ಸಿಗಲಿ. ದಣಿದು ಸಿಡಿಮಿಡಿಗೊಂಡವರಿಂದ ತಾಳ್ಮೆ ನಿರೀಕ್ಷಿಸುವುದು ಸರಿಯಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ಇಲ್ಲಿಯ ಕನ್ನಡ ಸಂಘಗಳು ಕಷ್ಟಕಾಲದಲ್ಲಿ ದುಭಾಷಿಗಳಾಗಿ ನಾಕಾದ ಬಳಿ ನಿಲ್ಲಬಲ್ಲ ಯುವಕ ಯುವತಿಯರ ಪಟ್ಟಿಯನ್ನು ಈಗಲೇ ಮಾಡಿ ಠಾಣೆಗೆ, ಪಂಚಾಯಿತಿಗೆ ಕೊಡಲಿ. ಊರಿನಲ್ಲಿರುವ ನಮ್ಮ ಬಂಧುಗಳಿಗೆ, ಮರಳಿ ಬಂದವರಿಗೆ ಮುಳ್ಳು ಹಚ್ಚಬೇಡಿ, ಶಾಲೆಯ ಕೋಣೆಯೊಂದನ್ನು ತೆರೆಯಿರಿ ಎಂದು ನಾವೇ ಹೇಳೋಣ. ಪೊಲೀಸರಿಂದ ನಾವು ಕೇಳುವ ನ್ಯಾಯವನ್ನು ನಮ್ಮ ಊರ ಅಗಸಿಯಲ್ಲಿ ನಾವೂ ನಡೆಸಿದರೆ ಮಾತ್ರ ಆ ಬೇಡಿಕೆಗೆ ಬಲ ಬರುತ್ತದೆ. ದತ್ತಿ ದಾನಿಗಳು ಒಪ್ಪಿದರೆ ಈ ಪಟ್ಟಿಯ ಕೆಲಸವನ್ನು ಇವತ್ತಿನ ಸಭೆಯಿಂದಲೇ ಶುರುಮಾಡೋಣ.