ಕುಟುಂಬವನ್ನರಿತ ವೈದ್ಯರು ಎಲ್ಲಿದ್ದಾರೆ?



ಒಂದೇ ಮನೆಯಲ್ಲಿ ತಂದೆಗೆ ಸಕ್ಕರೆ ಕಾಯಿಲೆ, ತಾಯಿಗೆ ರಕ್ತದೊತ್ತಡ, ಸೊಸೆಗೆ ರಕ್ತಹೀನತೆ, ಮಗುವಿಗೆ ಬಿಡದ ಕೆಮ್ಮು. ನಾಲ್ವರಿಗೆ ನಾಲ್ವರು ತಜ್ಞರು, ನಾಲ್ಕು ಚೀಟಿಗಳು. ಆದರೆ ಆ ಮನೆಯನ್ನು ಒಟ್ಟಾಗಿ ಅರಿತ ವೈದ್ಯರು ಒಬ್ಬರೂ ಇಲ್ಲ. ನಮ್ಮ ಪಟ್ಟಣಗಳ ಅನೇಕ ಕುಟುಂಬಗಳ ಸ್ಥಿತಿ ಇದು. ಇದಕ್ಕಾಗಿ ವೈದ್ಯರನ್ನಷ್ಟೇ ದೂರುವುದು ನ್ಯಾಯವಲ್ಲ. ಅವರು ಪಡೆಯುವ ತರಬೇತಿಯ ಕುರಿತು ನಾವು ಗಂಭೀರವಾಗಿ ಚಿಂತಿಸಬೇಕಾಗಿದೆ.

1961ರಲ್ಲಿ ಕೆರ್ ವೈಟ್ ಎಂಬ ಅಮೆರಿಕದ ವೈದ್ಯರು ತಮ್ಮ ಸಂಗಡಿಗರೊಂದಿಗೆ ಅಮೆರಿಕ ಮತ್ತು ಬ್ರಿಟನ್ನಿನ ಅಂಕಿಅಂಶಗಳನ್ನು ಆಧರಿಸಿ ಒಂದು ಲೆಕ್ಕವನ್ನು ಮುಂದಿಟ್ಟರು. ಒಂದು ತಿಂಗಳ ಅವಧಿಯಲ್ಲಿ 1000 ವಯಸ್ಕರ ಪೈಕಿ ಸುಮಾರು 750 ಮಂದಿಗೆ ಯಾವುದಾದರೊಂದು ಅಸ್ವಸ್ಥತೆ ಕಾಡುತ್ತದೆ. 250 ಮಂದಿ ವೈದ್ಯರನ್ನು ಕಾಣುತ್ತಾರೆ. 9 ಮಂದಿ ಆಸ್ಪತ್ರೆಗೆ ದಾಖಲಾಗುತ್ತಾರೆ. ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ತಲುಪುವುದು ಒಬ್ಬರು ಮಾತ್ರ! ಆದರೆ ಭಾವೀ ವೈದ್ಯರು ವಿದ್ಯೆ ಕಲಿಯುವುದು ಮುಖ್ಯವಾಗಿ ಆ ಒಬ್ಬರ ಹಾಸಿಗೆಯ ಬಳಿಯಲ್ಲಿ. ಉಳಿದವರ ಕಾಯಿಲೆಯನ್ನು ಅವರು ಕಲಿಯುವುದೆಲ್ಲಿ?

ಇದಕ್ಕೆ ಉತ್ತರವನ್ನು ಬ್ರಿಟನ್ನಿನ ವೇಲ್ಸ್ ಪ್ರಾಂತದ ಗ್ಲಿನ್‌ಕೊರ್ಗ್ ಎಂಬ ಗಣಿ ಕಾರ್ಮಿಕರ ಹಳ್ಳಿಯಲ್ಲಿ ಕಾಣಬಹುದು. ಸುಮಾರು ಎರಡು ಸಾವಿರ ಜನರಿದ್ದ ಆ ಹಳ್ಳಿಯ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್, ಯಾವ ಕಾಯಿಲೆಗಾಗಿ ಬಂದವರಾದರೂ ಸರಿ, ಅವರ ರಕ್ತದೊತ್ತಡವನ್ನು ಅಳೆದು ದಾಖಲಿಸಿದರು. ಬಾರದವರನ್ನು ತಾವೇ ಹುಡುಕಿದರು. ಅಧಿಕ ರಕ್ತದೊತ್ತಡ ಹೇಳಿ ಕೇಳಿ ಬರುವುದಿಲ್ಲವಷ್ಟೆ. ಆ ದಾಖಲೆಗಳೇ ಅವರ ಸಂಶೋಧನೆಯಾದವು. 25 ವರ್ಷಗಳ ಈ ದುಡಿಮೆಯ ಫಲವನ್ನು 1991ರಲ್ಲಿ ಪ್ರಕಟಿಸಿದಾಗ, ನೆರೆಯ ಹಳ್ಳಿಗೆ ಹೋಲಿಸಿದರೆ ಅಲ್ಲಿ ಅಕಾಲಿಕ ಮರಣ ಶೇ. 28ರಷ್ಟು ಕಡಿಮೆಯಿತ್ತು. ಅಗತ್ಯ ಹೆಚ್ಚಿರುವಲ್ಲಿಯೇ ಉತ್ತಮ ಚಿಕಿತ್ಸೆ ದುರ್ಲಭವಾಗುತ್ತದೆ, ಮಾರುಕಟ್ಟೆಯ ಹಿಡಿತ ಬಿಗಿಯಾದಷ್ಟೂ ಈ ಅನ್ಯಾಯ ಬೆಳೆಯುತ್ತದೆ ಎಂದು 1971ರಲ್ಲಿಯೇ ಎಚ್ಚರಿಸಿದವರೂ ಅವರೇ.

ನಮ್ಮ ದೇಶದಲ್ಲಿ ಕುಟುಂಬ ವೈದ್ಯಶಾಸ್ತ್ರದ ಪರಿಣತರ ಅಗತ್ಯವನ್ನು 2002ರ ರಾಷ್ಟ್ರೀಯ ಆರೋಗ್ಯ ನೀತಿ ಒಪ್ಪಿಕೊಂಡಿತ್ತು. ಆದರೆ ಈ ವಿಷಯದಲ್ಲಿ ಎಂ.ಡಿ. ಪದವಿ ನೀಡುವ ಕಾಲೇಜುಗಳು ಇಂದಿಗೂ ವಿರಳ. ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಅವುಗಳ ಆರೋಗ್ಯವನ್ನು ಗಮನಿಸುವ ಕಾರ್ಯಕ್ರಮವನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ ಪಠ್ಯಕ್ರಮಕ್ಕೆ ಸೇರಿಸಿರುವುದು ಸ್ವಾಗತಾರ್ಹ. ಆದರೆ ಅದು ವರದಿ ಬರೆದು ಮುಗಿಸುವ ಶಾಸ್ತ್ರವಾಗಬಾರದು.

ನಾವೇನು ಮಾಡಬಹುದು? ಮನೆಗೊಂದು ಆರೋಗ್ಯ ಪುಸ್ತಕವಿರಲಿ. ಪ್ರತಿಯೊಬ್ಬರ ರಕ್ತದೊತ್ತಡ, ಔಷಧಿ, ಪರೀಕ್ಷೆಯ ಫಲಿತಾಂಶಗಳು ಅದರಲ್ಲಿ ದಾಖಲಾಗಲಿ. ಸಾಧ್ಯವಾದಷ್ಟು ಮೊದಲು ಒಬ್ಬರೇ ವೈದ್ಯರನ್ನು ಕಾಣೋಣ. ನಮ್ಮ ಮಕ್ಕಳು ವೈದ್ಯರಾಗಲೆಂದು ಹಂಬಲಿಸುವ ನಾವು, ಅವರು ಸಾಮಾನ್ಯ ವೈದ್ಯರಾಗಿ ಉಳಿಯಬಯಸಿದರೆ ಅದನ್ನು ಸೋಲೆಂದು ಭಾವಿಸದಿರೋಣ. ಒಂದು ಹಳ್ಳಿಯ ಮರಣವನ್ನು ತಗ್ಗಿಸಿದವರು ಅಂತಹ ಸಾಮಾನ್ಯ ವೈದ್ಯರೇ ಆಗಿದ್ದರು.