ಒಂದು ಊರು, ಒಂದು ಪುಸ್ತಕ, 25 ಗಂಟೆ

(ಕನ್ನಡ ಯುವಜನರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)



ಮೊದಲು ಒಂದು ಪ್ರಶ್ನೆ. ಉತ್ತರವನ್ನು ನನಗೆ ಹೇಳಬೇಡಿ, ನಿಮಗೆ ನೀವೇ ಹೇಳಿಕೊಳ್ಳಿ. ನೀವು ಒಂದು ಕನ್ನಡ ಪುಸ್ತಕದ ಒಂದೇ ಒಂದು ಪುಟವನ್ನು ನಾಲ್ಕು ಜನರ ಎದುರು ಗಟ್ಟಿಯಾಗಿ ಓದಿದ್ದು ಯಾವಾಗ? ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದಾಗ, ಅಲ್ಲವೇ? ಆಮೇಲೆ? ಆಮೇಲೆ ಇಲ್ಲ. ಯಾಕಿಲ್ಲ? ಪುರುಸೊತ್ತಿಲ್ಲ ಎನ್ನುತ್ತೀರಿ. ನಿಜವಾದ ಕಾರಣ ಬೇರೆ ಇದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ನಿಮ್ಮನ್ನು ದೂರದ ಒಂದು ಊರಿಗೆ ಕರೆದುಕೊಂಡು ಹೋಗುತ್ತೇನೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಡಲ ದಂಡೆಯಲ್ಲಿ ನ್ಯೂ ಬೆಡ್‌ಫರ್ಡ್ ಎಂಬ ಊರಿದೆ. ಜನಸಂಖ್ಯೆ ಸುಮಾರು 1 ಲಕ್ಷ. ನಮ್ಮ ಒಂದು ದೊಡ್ಡ ತಾಲ್ಲೂಕು ಕೇಂದ್ರ ಎಂದುಕೊಳ್ಳಿ. ಜನವರಿ ತಿಂಗಳ ಮೊದಲ ದಿನಗಳು. ಹೊರಗೆ ಮೂಳೆ ಕೊರೆಯುವ ಚಳಿ. ಆ ಊರಿನ ತಿಮಿಂಗಿಲ ಬೇಟೆಯ ಸಂಗ್ರಹಾಲಯದಲ್ಲಿ ಶನಿವಾರ ಮಧ್ಯಾಹ್ನ ಒಬ್ಬರು ಎದ್ದು ನಿಂತು ಒಂದು ಕಾದಂಬರಿಯ ಮೊದಲ ಸಾಲು ಓದುತ್ತಾರೆ. ಕೆಲವು ನಿಮಿಷ ಓದಿ ಇಳಿಯುತ್ತಾರೆ. ಇನ್ನೊಬ್ಬರು ಬರುತ್ತಾರೆ. ಅವರ ನಂತರ ಮತ್ತೊಬ್ಬರು. ಸಂಜೆಯಾಗುತ್ತದೆ, ಓದು ನಿಲ್ಲುವುದಿಲ್ಲ. ನಡುರಾತ್ರಿಯಾಗುತ್ತದೆ, ನಿಲ್ಲುವುದಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಕುರ್ಚಿಗಳು ಖಾಲಿಯಾಗಿರುತ್ತವೆ, ಕೆಲವರು ಹೊದ್ದುಕೊಂಡು ಅಲ್ಲೇ ತೂಕಡಿಸುತ್ತಿರುತ್ತಾರೆ. ಆದರೂ ಓದುವವರು ಓದುತ್ತಲೇ ಇರುತ್ತಾರೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಕೊನೆಯ ಪುಟ. ಒಟ್ಟು ಸುಮಾರು 25 ಗಂಟೆ. ನೂರೈವತ್ತಕ್ಕೂ ಹೆಚ್ಚು ಬಾಯಿ. ಒಂದೇ ಪುಸ್ತಕ.

ಆ ಪುಸ್ತಕ ಹರ್ಮನ್ ಮೆಲ್ವಿಲ್ ಬರೆದ 'ಮೋಬಿ ಡಿಕ್'. ತನ್ನ ಕಾಲನ್ನು ಕಚ್ಚಿ ತುಂಡರಿಸಿದ ಬಿಳಿ ತಿಮಿಂಗಿಲದ ಮೇಲೆ ಹಗೆ ಸಾಧಿಸಲು ಹೊರಟ ಏಹಾಬ್ ಎಂಬ ಕಪ್ತಾನನ ಕತೆ. ಹಗೆಗಾಗಿ ಹಡಗನ್ನೂ, ಹಡಗಿನ ಜನರನ್ನೂ ಬಲಿಕೊಡುವ ಮನುಷ್ಯನ ಕತೆ. 135 ಅಧ್ಯಾಯ, ಎರಡು ಲಕ್ಷಕ್ಕೂ ಹೆಚ್ಚು ಪದ.

ನೀವು ಅಂದುಕೊಳ್ಳಬಹುದು: ಅಷ್ಟು ದೊಡ್ಡ ಪುಸ್ತಕ, ಹುಟ್ಟಿದಾಗಲೇ ಜನ ತಲೆಯ ಮೇಲೆ ಹೊತ್ತು ಮೆರೆಸಿರಬೇಕು! ಇಲ್ಲ ಸ್ವಾಮಿ. 1851ರಲ್ಲಿ ಅದು ಅಚ್ಚಾಯಿತು. ಮೆಲ್ವಿಲ್ ಬದುಕಿದ್ದಷ್ಟು ಕಾಲ ನಾಲ್ಕು ಸಾವಿರ ಪ್ರತಿಯೂ ಖರ್ಚಾಗಲಿಲ್ಲ. 1853ರಲ್ಲಿ ಪ್ರಕಾಶಕರ ಗೋದಾಮಿಗೆ ಬೆಂಕಿ ಬಿದ್ದು ಉಳಿದ ಪ್ರತಿಗಳೂ ಸುಟ್ಟುಹೋದವು. ಬರವಣಿಗೆ ಹೊಟ್ಟೆ ತುಂಬಿಸಲಿಲ್ಲ. 1866ರಿಂದ 1885ರವರೆಗೆ, 19 ವರ್ಷ, ನ್ಯೂಯಾರ್ಕ್ ಬಂದರಿನಲ್ಲಿ ಸುಂಕದ ಅಧಿಕಾರಿಯಾಗಿ ಆತ ದುಡಿದ. 1891ರಲ್ಲಿ ಸತ್ತಾಗ ಓದುಗ ಲೋಕ ಅವನನ್ನು ಬಹುಮಟ್ಟಿಗೆ ಮರೆತೇ ಬಿಟ್ಟಿತ್ತು. ಅವನು ಹುಟ್ಟಿ ನೂರು ವರ್ಷ ತುಂಬಿದ 1919ರ ನಂತರವೇ ಪುಸ್ತಕದ ದೂಳು ಒರೆಸಿದ್ದು. ಬರೆದವನ ಕಣ್ಣೆದುರು ಸತ್ತಿದ್ದ ಪುಸ್ತಕ ಅದು, ಗೆಳೆಯರೇ. ಮುಂದೆ ಬಂದ ಓದುಗರು ಅದನ್ನು ಎಬ್ಬಿಸಿ ಕೂರಿಸಿದರು.

ಊರಿನ ಕತೆಯೂ ಹಾಗೆಯೇ. ಒಂದು ಕಾಲಕ್ಕೆ ನ್ಯೂ ಬೆಡ್‌ಫರ್ಡ್ ಲೋಕಕ್ಕೇ ದೀಪ ಹಚ್ಚಿದ ಊರು. ತಿಮಿಂಗಿಲದ ಎಣ್ಣೆಯಿಂದ ದೀಪ ಉರಿಯುತ್ತಿದ್ದ ಕಾಲ ಅದು. 1857ರಲ್ಲಿ ಆ ಬಂದರಿಗೆ ಸೇರಿದ ಬೇಟೆಯ ಹಡಗುಗಳು ಮುನ್ನೂರಕ್ಕೂ ಹೆಚ್ಚು. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ನೆಲದೊಳಗೆ ಕಲ್ಲೆಣ್ಣೆ ಸಿಕ್ಕಿತು. ತಿಮಿಂಗಿಲದ ಎಣ್ಣೆಯ ದರ್ಬಾರು ಇಳಿಯತೊಡಗಿತು. 1871ರಲ್ಲಿ ಉತ್ತರ ಧ್ರುವದ ಕಡಲಿನ ಮಂಜುಗಡ್ಡೆಗೆ ಸಿಕ್ಕಿ 33 ಹಡಗುಗಳನ್ನು ಬಿಟ್ಟು ಬರಬೇಕಾಯಿತು; ಅವುಗಳಲ್ಲಿ ಹೆಚ್ಚಿನವು ಈ ಊರಿನವು. 1920ರ ದಶಕದ ಹೊತ್ತಿಗೆ ಬೇಟೆಯೇ ಮುಗಿಯಿತು. ಊರಿನ ಬಟ್ಟೆ ಗಿರಣಿಗಳೂ ಒಂದೊಂದಾಗಿ ಮುಚ್ಚಿದವು. ಹಡಗು ಹೋಯಿತು, ಗಿರಣಿ ಹೋಯಿತು. ಪುಸ್ತಕ ಉಳಿಯಿತು! 1841ರ ಜನವರಿ 3ರಂದು ಇಪ್ಪತ್ತೊಂದು ವರ್ಷದ ಹುಡುಗ ಮೆಲ್ವಿಲ್ 'ಅಕುಷ್ನೆಟ್' ಎಂಬ ಹಡಗು ಹತ್ತಿ ಹೊರಟದ್ದು ಇದೇ ಬಂದರಿನಿಂದ. ಆ ನೆನಪಿಗೆ 1997ರಿಂದ ಪ್ರತಿ ಜನವರಿಯಲ್ಲಿ ಈ ಓದು ನಡೆಯುತ್ತಿದೆ. ಕೊರೋನಾ ಕಾಲದ 2021ರಲ್ಲೂ ನಿಲ್ಲಲಿಲ್ಲ. ಓದುಗರು ಮನೆಮನೆಯಿಂದಲೇ ಓದಿದರು.

ಇನ್ನೊಂದು ಕಡೆಯೂ ಇಂಥ ಓದು ನಡೆದುಬಂದಿದೆ. ಕನೆಕ್ಟಿಕಟ್ ರಾಜ್ಯದ ಮಿಸ್ಟಿಕ್ ಎಂಬಲ್ಲಿ 'ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್' ಎಂಬ ಹಡಗಿದೆ. ಮರದ ತಿಮಿಂಗಿಲ ಬೇಟೆ ಹಡಗುಗಳಲ್ಲಿ ಉಳಿದಿರುವುದು ಅದೊಂದೇ. ಅದು ನೀರಿಗಿಳಿದದ್ದೂ 1841ರಲ್ಲೇ, ನ್ಯೂ ಬೆಡ್‌ಫರ್ಡಿನಲ್ಲೇ. ಆಗಸ್ಟ್ 1, ಮೆಲ್ವಿಲ್ ಹುಟ್ಟಿದ ದಿನ. ಅದರ ಆಸುಪಾಸಿನಲ್ಲಿ ಆ ಹಡಗಿನ ಅಟ್ಟದ ಮೇಲೆ ಕೂತು ಜನ ಇಡೀ ಪುಸ್ತಕ ಓದಿದ್ದಾರೆ.

ನ್ಯೂ ಬೆಡ್‌ಫರ್ಡಿನ ಓದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಂಗ್ರಹಾಲಯದ ಒಳಗೆ 'ಲಗೋಡಾ' ಎಂಬ ಬೇಟೆ ಹಡಗಿನ ಅರ್ಧ ಅಳತೆಯ ಪ್ರತಿಕೃತಿ ಇದೆ. ಅರ್ಧ ಅಳತೆ ಎಂದರೂ 89 ಅಡಿ ಉದ್ದ! ಅದರ ನೆರಳಿನಲ್ಲೇ ಓದು ಶುರುವಾಗುತ್ತದೆ. ಕಾದಂಬರಿಯಲ್ಲಿ ನಾವಿಕರ ಪ್ರಾರ್ಥನಾ ಮಂದಿರದ ಅಧ್ಯಾಯ ಬರುತ್ತದೆ. ಆಗ ಕೇಳುಗರು ಎದ್ದು ರಸ್ತೆ ದಾಟಿ ನಿಜವಾದ ಆ ಮಂದಿರಕ್ಕೇ ಹೋಗುತ್ತಾರೆ. ಅದು 1832ರ ಕಟ್ಟಡ. ಮೆಲ್ವಿಲ್ ಕಂಡದ್ದು ಅದನ್ನೇ. ಪುಸ್ತಕದಲ್ಲಿ ಪಾದ್ರಿ ಹಡಗಿನ ಮೂತಿಯಂಥ ವೇದಿಕೆ ಹತ್ತಿ ಮಾತಾಡುತ್ತಾನೆ. ಅಂಥ ವೇದಿಕೆ ಅಲ್ಲಿ ಇರಲೇ ಇಲ್ಲ, ಅದು ಮೆಲ್ವಿಲ್ ಕಲ್ಪನೆ. 1956ರಲ್ಲಿ ಸಿನಿಮಾ ಬಂದ ಮೇಲೆ ನೋಡಲು ಬಂದವರೆಲ್ಲ ಅದೆಲ್ಲಿ ಎಂದು ಕೇಳತೊಡಗಿದರು. ಊರಿನವರು 1961ರಲ್ಲಿ ಹಡಗಿನ ಮೂತಿಯ ವೇದಿಕೆ ಕಟ್ಟಿಸಿಯೇ ಬಿಟ್ಟರು! ನಗು ಬರುತ್ತದೆ, ನಿಜ. ಆದರೆ ಪುಸ್ತಕವೊಂದು ಊರಿನ ಬಡಗಿಗೆ ಕೆಲಸ ಹಚ್ಚಿತಲ್ಲ, ಅದನ್ನೂ ನೋಡಿ.

ಓದುವವರು ಯಾರು? ಪ್ರೊಫೆಸರರು ಮಾತ್ರವೇ? ಅಲ್ಲ. ಮೇಯರು ಓದಿದ್ದಾರೆ, ಶಾಲೆಯ ಮಕ್ಕಳು ಓದಿದ್ದಾರೆ, ಮೆಲ್ವಿಲ್ ವಂಶದವರೂ ಓದಿದ್ದಾರೆ. ಎಲ್ಲರಿಗೂ ಅದೇ ಕೆಲವು ನಿಮಿಷ. ನಿಮ್ಮ ಪಾಲಿಗೆ ಯಾವ ಪುಟ ಬರುತ್ತದೋ ಅದನ್ನೇ ಓದಬೇಕು. ಒಬ್ಬರಿಗೆ ರೋಮಾಂಚನದ ಬೇಟೆ ಸಿಗಬಹುದು. ಇನ್ನೊಬ್ಬರಿಗೆ ತಿಮಿಂಗಿಲದ ಜಾತಿ ಲೆಕ್ಕ ಹಾಕುವ ಒಣ ಅಧ್ಯಾಯ. ಮನೆಯಲ್ಲಿ ಒಬ್ಬರೇ ಓದಿದರೆ ಹಾರಿಸಿಬಿಡುವ ಪುಟಗಳು ಅವು. ಅಲ್ಲಿ ಹಾರಿಸುವಂತಿಲ್ಲ. ನೂರಾರು ಜನ ಹಂಚಿಕೊಂಡಾಗ ಒಣ ಪುಟದ ಭಾರವೂ ಹಗುರವಾಗುತ್ತದೆ.

ಈಗ ಭಾಷೆಯ ಮಾತಿಗೆ ಬರೋಣ. ನಮ್ಮ ಪತ್ರಿಕೆಯವರು ನನ್ನನ್ನು ಮಾತಾಡಲು ಕರೆದದ್ದೇ ಅದಕ್ಕೆ. ಮೋಬಿ ಡಿಕ್ ಕತೆ ಶುರುವಾಗುವ ಮೊದಲು ಒಂದು ಪಟ್ಟಿ ಇದೆ. ಒಬ್ಬ ಬಡ ಶಾಲಾ ಸಹಾಯಕ ಒಟ್ಟುಮಾಡಿದ್ದು ಎಂದು ಮೆಲ್ವಿಲ್ ಹೇಳುತ್ತಾನೆ. ತಿಮಿಂಗಿಲಕ್ಕೆ 13 ಭಾಷೆಗಳಲ್ಲಿ ಏನೆನ್ನುತ್ತಾರೆ ಎಂಬ ಪಟ್ಟಿ. ಹೀಬ್ರೂ, ಗ್ರೀಕ್, ಲ್ಯಾಟಿನ್ ಜೊತೆಗೆ ಫಿಜಿ ದ್ವೀಪದವರ ನುಡಿಯೂ ಇದೆ. ಕನ್ನಡವಿಲ್ಲ. ಇರಲಿ, ನಾವೇ ಸೇರಿಸಿಕೊಳ್ಳೋಣ: ತಿಮಿಂಗಿಲ. ಸಂಸ್ಕೃತದಿಂದ ಬಂದ ಮಾತು. ತಿಮಿ ಎಂಬ ಹೆಮ್ಮೀನನ್ನೇ ನುಂಗುವಂಥದ್ದು ಎಂದು ಅರ್ಥ. ಕಾದಂಬರಿಯ ನಡುರಾತ್ರಿಯ ಅಧ್ಯಾಯವೊಂದರಲ್ಲಿ ಹಡಗಿನ ನಾವಿಕರು ಕುಣಿಯುತ್ತಾರೆ, ಜಗಳವಾಡುತ್ತಾರೆ. ಡಚ್ಚರು, ಚೀನಿಯರು, ಪೋರ್ಚುಗೀಸರು. ನಮ್ಮ ಕಡಲ ಕಡೆಯ ಒಬ್ಬ ಲಸ್ಕರ್ ಕೂಡ ಇದ್ದಾನೆ. ನಾಟಕದ ಹಾಗೆ ಬರೆದ ಅಧ್ಯಾಯ ಅದು. ಅಲ್ಲಿನ ನಟರು ಅದನ್ನು ಆಡಿಯೇ ತೋರಿಸುತ್ತಾರೆ.

ಬೇಟೆಯ ಹಡಗುಗಳಲ್ಲಿ ದುಡಿಯಲು ಅಜೋರ್ಸ್ ಮತ್ತು ಕೇಪ್ ವರ್ಡ್ ದ್ವೀಪಗಳಿಂದ ಪೋರ್ಚುಗೀಸ್ ನಂಟಿನ ಜನ ಬಂದರು. ಆ ಊರಲ್ಲೇ ನೆಲೆಸಿದರು. ಇಂದಿಗೂ ಅಲ್ಲಿ ಅವರ ಸಂತತಿ ದೊಡ್ಡದು. ಈ ಓದು ಬೆಳೆದ ಮೇಲೆ ಅದರ ಪಕ್ಕದಲ್ಲೇ ಪೋರ್ಚುಗೀಸ್ ಭಾಷೆಯಲ್ಲೂ ಒಂದು ಓದು ಸೇರಿಕೊಂಡಿತು. ಕತೆಯನ್ನು ಸಂಗ್ರಹಿಸಿ ಸುಮಾರು ನಾಲ್ಕು ಗಂಟೆಯಲ್ಲಿ ಮುಗಿಸುವ ಓದು. ಇದರ ಅರ್ಥವೇನು? ಹುಟ್ಟು ಹಾಕಿದ ಕೈಗಳಿಗೆ ಪುಸ್ತಕದಲ್ಲಿ ಪಾಲಿದೆ. ಆ ಕೈಗಳ ಭಾಷೆಗೂ ಹಬ್ಬದಲ್ಲಿ ಒಂದು ಕೋಣೆ ಇದೆ. ಇಂಗ್ಲಿಷಿನ ತವರಿನಂಥ ಊರಲ್ಲೇ ಇದು ಸಾಧ್ಯವಾಗಿದೆ, ನೆನಪಿಡಿ.

ಇದನ್ನೆಲ್ಲ ಕೇಳಿ ಅಮೆರಿಕದವರು ಎಷ್ಟು ಮುಂದುವರಿದಿದ್ದಾರೆ ಎಂದು ಬಾಯಿ ಬಿಡಬೇಡಿ! ಕೂಡಿ ಕೂತು ಓದುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಗದುಗಿನ ಭಾರತವನ್ನು ಒಬ್ಬರು ರಾಗವಾಗಿ ವಾಚಿಸುವುದು, ಇನ್ನೊಬ್ಬರು ಅರ್ಥ ಬಿಡಿಸುವುದು, ಅಕ್ಷರ ಬಾರದವರೂ ಕೂತು ಕೇಳುವುದು: ಇದೇ ಅಲ್ಲವೇ ನಮ್ಮ ಗಮಕ? ಶಿವಮೊಗ್ಗದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಲೆಗೆ. ಇನ್ನು 2010ರಲ್ಲಿ ಮೈಸೂರಿನ ರಂಗಾಯಣ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು ಇಡೀ ರಾತ್ರಿಯ ನಾಟಕ ಮಾಡಿತು. ನಂತರ ಬೆಂಗಳೂರಿನ ಕಲಾಗ್ರಾಮದಲ್ಲೂ ಅದು ನಡೆಯಿತು. ಜನ ಕಂಬಳಿ ಹೊದ್ದು ಬೆಳಗಿನವರೆಗೆ ಕೂತರು. ಹಾಗಾದರೆ ಕೇಳುವ ಕಿವಿಗೆ ಬರವಿಲ್ಲ. ಬರ ಇರುವುದು ಓದುವ ಬಾಯಿಗೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ನೀವು ಗಟ್ಟಿಯಾಗಿ ಯಾಕೆ ಓದುವುದಿಲ್ಲ? ಹೆದರಿಕೆ, ಗೆಳೆಯರೇ. ನಗರದಲ್ಲಿ ಬೆಳೆದವರು ನೀವು. ಕನ್ನಡದಲ್ಲಿ ಸರಾಗ ಮಾತಾಡುತ್ತೀರಿ, ಸಿನಿಮಾ ಡೈಲಾಗ್ ಹೊಡೆಯುತ್ತೀರಿ. ಪುಸ್ತಕ ಕೈಗೆ ಕೊಟ್ಟರೆ ಒತ್ತಕ್ಷರ ಬಂದಲ್ಲಿ ನಾಲಗೆ ತಡವರಿಸುತ್ತದೆ. 'ಹ'ಕಾರ ತಪ್ಪೀತು, 'ಳ'ಕಾರ ಜಾರೀತು, ಯಾರಾದರೂ ನಕ್ಕಾರು ಎಂಬ ಅಂಜಿಕೆ. ನಕ್ಕವರೂ ನಾವೇ! ಕನ್ನಡ ತಪ್ಪಿ ಓದಿದವರನ್ನು ಆಡಿಕೊಂಡು ಎಷ್ಟು ಬಾಯಿ ಮುಚ್ಚಿಸಿದ್ದೇವೆ, ಲೆಕ್ಕವಿದೆಯೇ? ಮೆಲ್ವಿಲ್‌ನ ಇಂಗ್ಲಿಷೂ ಸುಲಭದ್ದಲ್ಲ. ಹಡಗಿನ ಪರಿಭಾಷೆ, ಬೈಬಲ್ಲಿನ ಹೆಸರುಗಳು, ಮಾರುದ್ದದ ವಾಕ್ಯಗಳು. ಆ ಭಾಷೆಯಲ್ಲೇ ಹುಟ್ಟಿದವರಿಗೂ ಅದು ಎಡವಿಸುವ ಪುಸ್ತಕ. ಪಂಡಿತರಿಗೆ ಮಾತ್ರ ಎಂದಿದ್ದರೆ 25 ಗಂಟೆ ಓದಲು ಅಷ್ಟು ಬಾಯಿ ಎಲ್ಲಿ ಸಿಗುತ್ತಿತ್ತು?

ಬೋರ್ಡಿನ ಮೇಲೆ ಕನ್ನಡ ಬೇಕು ಎಂದು ಹೋರಾಡಿದ್ದೇವೆ, ಹೋರಾಡುತ್ತೇವೆ. ಆದರೆ ಬೋರ್ಡಿನ ಮೇಲಿನ ಕನ್ನಡಕ್ಕೆ ಬಣ್ಣ ಸಾಕು; ಪುಸ್ತಕದೊಳಗಿನ ಕನ್ನಡಕ್ಕೆ ಉಸಿರು ಬೇಕು. ಆ ಉಸಿರು ನಿಮ್ಮದು.

ಹಾಗಾದರೆ ಏನು ಮಾಡಬೇಕು? ದೊಡ್ಡ ಸಭಾಂಗಣ ಬೇಡ, ಸರ್ಕಾರದ ಅನುದಾನ ಬೇಡ. ಒಂದು ಭಾನುವಾರ, ಒಂದು ರೂಮು, ಹತ್ತು ಜನ ಸಾಕು. ಕಾರಂತರ 'ಚೋಮನ ದುಡಿ' ಇರಲಿ, ತೇಜಸ್ವಿಯವರ 'ಕರ್ವಾಲೊ' ಇರಲಿ, ಒಂದನ್ನು ಆರಿಸಿಕೊಳ್ಳಿ. ಒಬ್ಬೊಬ್ಬರಿಗೆ ಹತ್ತು ನಿಮಿಷ. ನಿಯಮ ಮೂರೇ. ಪುಟ ಹಾರಿಸಬಾರದು. ತಪ್ಪಿದರೆ ನಗಬಾರದು. ಮುಗಿಯುವವರೆಗೆ ಎದ್ದು ಹೋಗಬಾರದು. ಬಿಹಾರದಿಂದಲೋ ಒಡಿಶಾದಿಂದಲೋ ಬಂದು ನಿಮ್ಮ ಜೊತೆ ಕೆಲಸ ಮಾಡುತ್ತಾ ಕನ್ನಡ ಕಲಿಯುತ್ತಿರುವ ಗೆಳೆಯನಿದ್ದರೆ ಅವನಿಗೂ ಅರ್ಧ ಪುಟ ಕೊಡಿ. ಅವನು ಆ ಅರ್ಧ ಪುಟವನ್ನು ಜನ್ಮದಲ್ಲಿ ಮರೆಯುವುದಿಲ್ಲ.

ಮೆಲ್ವಿಲ್ ಸುಂಕದ ಕಟ್ಟೆಯಲ್ಲಿ ದುಡಿಯುತ್ತಿದ್ದಾಗ ತನ್ನ ಪುಸ್ತಕಕ್ಕಾಗಿ ಒಂದು ಊರು ರಾತ್ರಿಯಿಡೀ ಎದ್ದಿರುತ್ತದೆ ಎಂದು ಕನಸು ಕೂಡ ಕಂಡಿರಲಾರ. ನಮ್ಮಲ್ಲೂ ಹಾಗೆ ಕಾಯುತ್ತಿರುವ ಪುಸ್ತಕಗಳು ಎಷ್ಟಿವೆಯೋ! ಕಪಾಟಿನ ಬಾಗಿಲು ತೆರೆಯಿರಿ. ಮೊದಲ ಸಾಲನ್ನು ಗಟ್ಟಿಯಾಗಿ ಓದಿ. ತಡವರಿಸಿದರೂ ಸರಿ, ನಿಲ್ಲಿಸಬೇಡಿ. ಪಕ್ಕದಲ್ಲಿ ಕೂತವರು ಮುಂದಿನ ಸಾಲು ಎತ್ತಿಕೊಳ್ಳುತ್ತಾರೆ.

ಸಿರಿಗನ್ನಡಂ ಗೆಲ್ಗೆ!